ನೀಲಿ ಚಿತ್ರದ ಚಹಾ ಬಟ್ಟಲು

ಭದ್ರಾವತಿಯ ಓಲ್ಡ್ ಟೌನಿನ ಕೆಲವು ಹಳೆಯ ಮನೆಗಳ ಗಾಜಿನ ಬೀರುಗಳಲ್ಲಿ ನೀಲಿ ಚಿತ್ರದ ಚಹಾ ಬಟ್ಟಲುಗಳಿದ್ದುದು ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಅವನ್ನು ನಾವು ಪಿಂಗಾಣಿ ಎನ್ನುತ್ತಿದ್ದೆವು. ಬಟ್ಟಲೆಂಬ ಅರ್ಥದ ಪಾರಸಿಯ 'ಪಿಂಗಾನ್' ಶಬ್ದದ ನಂಟು ಈ ಮಾತಿಗಿದೆ. ಆದರೆ ಅವುಗಳಲ್ಲಿ ಹಲವು ನಿಜವಾದ ಪಿಂಗಾಣಿಯಲ್ಲ. ಇಂಗ್ಲೆಂಡಿನ ಬಿಳಿ ಜೇಡಿಮಣ್ಣಿನ ಪಾತ್ರೆಗಳು. ತೆಳು ಪಿಂಗಾಣಿಯನ್ನು ಬೆಳಕಿಗೆ ಹಿಡಿದರೆ ಆಚೆಗಿನ ಬೆರಳಿನ ನೆರಳು ಕಾಣುತ್ತದೆ, ಇವುಗಳಲ್ಲಿ ಕಾಣದು.

ಅವುಗಳ ಚಿತ್ರ ಕೈಯಿಂದ ಬರೆದುದಲ್ಲ. ಕುಶಲಕರ್ಮಿಯು ತಾಮ್ರದ ಫಲಕದಲ್ಲಿ ಚಿತ್ರ ಕೊರೆಯುತ್ತಿದ್ದನು. ಕೋಬಾಲ್ಟ್ ಆಕ್ಸೈಡನ್ನು ಎಣ್ಣೆಯಲ್ಲಿ ಕಲಸಿ, ಕಾಯಿಸಿದ ಫಲಕಕ್ಕೆ ಬಳಿದು, ತೆಳು ಕಾಗದದ ಮೇಲೆ ಅಚ್ಚೊತ್ತಿ, ಆ ಹಸಿ ಅಚ್ಚನ್ನು ಒಮ್ಮೆ ಸುಟ್ಟ ಪಾತ್ರೆಗೆ ಅಂಟಿಸಿ ಉಜ್ಜುತ್ತಿದ್ದರು. ನೀರಿನಲ್ಲಿ ತೊಳೆದು ಕಾಗದ ತೆಗೆದರೂ ಬಣ್ಣ ಉಳಿಯುತ್ತಿತ್ತು. ಬಳಿಕ ಗಾಜಿನ ಲೇಪ, ಮತ್ತೊಮ್ಮೆ ಆವಿಗೆ. ಆವಿಗೆಯ ಉರಿಯನ್ನು ಚೆನ್ನಾಗಿ ತಾಳುತ್ತಿದ್ದುದು ಕೋಬಾಲ್ಟಿನ ನೀಲಿ. ಆದುದರಿಂದಲೇ ಆ ಬಣ್ಣಕ್ಕೆ ಅಷ್ಟು ಪ್ರಾಧಾನ್ಯ. ಸುಮಾರು 1784ರಲ್ಲಿ ಸ್ಟೋಕ್ ಪಟ್ಟಣದ ಜೋಸೈಯಾ ಸ್ಪೋಡ್ ಈ ಕ್ರಮವನ್ನು ಪಳಗಿಸಿದನು. ಹೆಚ್ಚು ಪ್ರಸಿದ್ಧವಾದುದು ಸೇತುವೆ, ನೀರಿನೆಡೆಯ ಮರ, ಎರಡು ಹಕ್ಕಿಗಳಿರುವ 'ವಿಲ್ಲೋ' ಚಿತ್ರ. ಅದು ಚೀನಾದ ಪ್ರೇಮಿಗಳ ಪುರಾತನ ಕಥೆಯೆಂದು ಹೇಳುವರು. ಅದು ಇಂಗ್ಲಿಷರೇ ಹೆಣೆದ ಕಥೆ. ವ್ಯಾಪಾರಕ್ಕೆ ಪುರಾಣವೂ ಬೇಕಲ್ಲವೇ!

ನಿಮ್ಮ ಮನೆಯಲ್ಲಿ ಇಂತಹ ಬಟ್ಟಲು ಉಳಿದಿದ್ದರೆ ಹಿಡಿಯ ಬಳಿ ಚಿತ್ರದ ಅಂಚುಗಳು ಕೂಡುವೆಡೆ ನೋಡಿರಿ. ಗೆರೆಗಳು ಸರಿಯಾಗಿ ಹೊಂದದೆ ಇದ್ದರೆ ಅದು ಕಾಗದ ಅಂಟಿಸಿದ ಗುರುತು. ಬುಡದಲ್ಲಿ 'ಇಂಗ್ಲೆಂಡ್' ಎಂಬ ಮುದ್ರೆಯಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಆ ವರ್ಷದಿಂದ ಅಮೆರಿಕವು ಆಮದು ಸರಕಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿತು.

ಬೆಂಕಿಪುರವೆಂಬ ಹಳೆಯ ಹೆಸರಿನ ನಮ್ಮೂರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಎಂಜಿನಿಯರುಗಳು, ಗುಮಾಸ್ತರು, ನಾನಾ ಜಾತಿಯ ಕಾರ್ಮಿಕರು ಬಂದರು. ಮನೆಗೆ ಬಂದವರಿಗೆ ಚಹಾ ಕೊಡಬೇಕಾಯಿತು. ಯಾವುದರಲ್ಲಿ?

ನಮ್ಮ ಹಿರಿಯರ ಲೆಕ್ಕದಲ್ಲಿ ಹಿತ್ತಾಳೆಯ ಲೋಟ ಎಂಜಲಾದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಶುದ್ಧ. ಮಣ್ಣಿನದು ಒಮ್ಮೆ ಮೈಲಿಗೆಯಾದರೆ ತೀರಿತು. ಪಿಂಗಾಣಿಯೂ ಮಣ್ಣೇ, ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹೀಗಾಗಿ ಹೊರಗಿನವರಿಗೆಲ್ಲ ಅದೇ. ಸಾಹೇಬರು ಬಂದರೆ ಜಗಲಿಯ ಕುರ್ಚಿ, ತಟ್ಟೆಯಲ್ಲಿ ನೀಲಿ ಬಟ್ಟಲು. ಅದನ್ನು ಅವರು ಗೌರವವೆಂದೇ ಭಾವಿಸಿ ಹೋಗುತ್ತಿದ್ದರು. ಅಂಗಳ ಗುಡಿಸಲು ಬರುತ್ತಿದ್ದ ಮುದುಕನಿಗೂ ಅದೇ ಜೋಡಿಯ ಇನ್ನೊಂದು ಬಟ್ಟಲು, ಅಂಚು ಒಡೆದದ್ದು. ಸಾಹೇಬರ ಬಟ್ಟಲನ್ನು ಆಳು ತೊಳೆಯುತ್ತಿದ್ದ. ಮುದುಕನು ತನ್ನದನ್ನು ತಾನೇ ಹಿತ್ತಲಲ್ಲಿ ತೊಳೆದು, ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೋರಲಾಗಿಟ್ಟು ಹೋಗುತ್ತಿದ್ದನು. ಮರುದಿನ ಅಜ್ಜಿ ಮೇಲಿನಿಂದ, ತಾಗದಂತೆ, ಅದಕ್ಕೆ ಚಹಾ ಸುರಿಯುತ್ತಿದ್ದರು.