ಕಾಡಿನ ಹೆಸರುಗಳೂ ಲೋಕಾಭಿಪ್ರಾಯವೂ

ಕಾಡಿನ ಮೇಲೆ ಯಾರಿಗೆ ಹಕ್ಕುಂಟೆಂಬ ನಿರ್ಣಯವು, ಆ ಕಾಡನ್ನು ಯಾವ ಹೆಸರಿನಿಂದ ಕರೆಯುವರೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಎರಡು ಚಳವಳಿಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಸಂಬಂಧವನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮಲೆನಾಡಿನವರ ಮಾತಿನಲ್ಲಿ ಕಾಡಿಗೆ ಹಲವು ಹೆಸರುಗಳುಂಟು. ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ದಟ್ಟವಾದ ಹಸುರುಕಾಡು ‘ಕಾನು’. ಅಡಕೆಯ ತೋಟಕ್ಕೆ ಸೊಪ್ಪು ದರಕುಗಳನ್ನು ಒದಗಿಸುವುದು ‘ಸೊಪ್ಪಿನ ಬೆಟ್ಟ’. ಹುಲ್ಲಿನ ನೆಲ ‘ಬೇಣ’. ಹೆಸರನ್ನು ಹೇಳಿದೊಡನೆ ಬಳಕೆಯ ಕ್ರಮವೂ ಅದರ ಮಿತಿಯೂ ತಿಳಿಯುತ್ತಿದ್ದುವು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಕಾಡು ಗ್ರಾಮದೇವತೆಗಳ ಸೊತ್ತೆಂದು ಜನರು ಹೇಳುವುದನ್ನು ಬರೆದಿಟ್ಟಿದ್ದಾನೆ. ಆದರೆ ಅದು ಸರಕಾರದ ಹಕ್ಕನ್ನು ತಪ್ಪಿಸುವ ಉಪಾಯವೆಂದು ಶಂಕಿಸಿದ್ದಾನೆ. 1878ರ ಅರಣ್ಯದ ಕಾಯಿದೆಯು ಕಾಡನ್ನು ಮೀಸಲು, ರಕ್ಷಿತ, ಗ್ರಾಮಾರಣ್ಯ ಎಂದು ವಿಂಗಡಿಸಿತು. ಇವು ಅಧಿಕಾರದ ಪ್ರಮಾಣವನ್ನು ಹೇಳುವುವಲ್ಲದೆ ಆ ನೆಲದಲ್ಲಿ ಏನು ಬೆಳೆಯುವುದು, ಅದು ಯಾರಿಗೆ ಬೇಕಾದುದು ಎಂಬುದನ್ನು ತಿಳಿಸವು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸ್ತ್ರೀಪುರುಷರು ಸಮೀಪದ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಗಢವಾಲದಲ್ಲಿ 1973ರಲ್ಲಿ ಮೊದಲಾದ ‘ಚಿಪ್ಕೊ’ ಚಳವಳಿಯನ್ನನುಸರಿಸಿ ಇದಕ್ಕೆ ‘ಅಪ್ಪಿಕೊ’ ಎಂಬ ಹೆಸರಾಯಿತು. ಧ್ವನಿಸಾಮ್ಯವಿದ್ದರೂ ಎರಡರ ರಚನೆ ಬೇರೆ. ಹಿಂದಿಯಲ್ಲಿ ಕಕಾರವು ‘ಚಿಪಕ್’ ಧಾತುವಿಗೆ ಸೇರಿದುದು, ಓಕಾರವು ವಿಧಿಪ್ರತ್ಯಯ. ಕನ್ನಡದ ‘ಕೊ’ ಎಂಬುದಾದರೋ ‘ಕೊಳ್ಳು’ ಎಂಬುದರ ರೂಪವಾಗಿ, ಕರ್ತೃವು ತನಗಾಗಿಯೇ ಮಾಡುವ ಕಾರ್ಯವನ್ನು ಸೂಚಿಸುತ್ತದೆ. ಹೀಗೆ ಅನುಕರಣದಿಂದ ಹುಟ್ಟಿದ ಪದದಲ್ಲಿ ಮೂಲದಲ್ಲಿಲ್ಲದ ಮಮತ್ವದ ಅರ್ಥವೊಂದು ಬಂದು ಸೇರಿತು. ‘ಉಳಿಸು, ಬೆಳೆಸು, ಬಳಸು’ ಎಂಬ ಧ್ಯೇಯವಾಕ್ಯವೂ ಅದೇ ಬಗೆಯದು. ಅದರ ಕೊನೆಯ ಪದವು ಜನರ ಬಳಕೆಯನ್ನು ಒಪ್ಪಿಕೊಳ್ಳುತ್ತದೆ. ಪಾದಯಾತ್ರೆ, ಯಕ್ಷಗಾನಗಳ ಮೂಲಕ ಈ ವಿಚಾರವು ಪತ್ರಿಕೆಗಳನ್ನೋದದವರಿಗೂ ಮುಟ್ಟಿತು.

ಬಯಲುಸೀಮೆಯ ಅಂಚಿನಲ್ಲಿ ವಿವಾದವು ಬೇರೊಂದು ಪದವನ್ನು ಕುರಿತಾಗಿತ್ತು. 1984ರಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ನೀಲಗಿರಿಯನ್ನು ಬೆಳೆಸಲು ಸುಮಾರು 30,000 ಹೆಕ್ಟೇರು ನೆಲವನ್ನು ಕೊಡುವ ಏರ್ಪಾಟಾಯಿತು. ಸರಕಾರದ ದೃಷ್ಟಿಯಲ್ಲಿ ಅದು ‘ಪಾಳುಭೂಮಿ’. ಹಳ್ಳಿಗರಿಗೆ ದನಗಳ ಮೇವೂ ಒಲೆಯ ಸೌದೆಯೂ ದೊರೆಯುವ ನೆಲ. ಪಾಳೆಂಬ ಮಾತನ್ನು ಒಪ್ಪಿದವನಿಗೆ ಅದನ್ನು ಕಾರ್ಖಾನೆಗೆ ಒಪ್ಪಿಸುವುದು ಉಪಕಾರವೆಂದೇ ತೋರುವುದು. ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ನೀಲಗಿರಿಯ ಸಸಿಗಳನ್ನು ಕಿತ್ತು, ಉಪಯುಕ್ತವಾದ ಗಿಡಗಳನ್ನು ನೆಡುವ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ನಡೆಯಿತು. ಗಿಡ ನೆಡುವುದಕ್ಕೆ ‘ಹಚ್ಚು’ ಎನ್ನುವುದು ಆ ಸೀಮೆಯ ರೂಢಿ. ಯೋಜನೆಯು 1991ರಲ್ಲಿ ಕೊನೆಗೊಂಡಿತು.

ಪದಗಳೇ ಕಾಡನ್ನು ಉಳಿಸಿದುವೆಂದು ಹೇಳುವುದು ಅತಿಶಯೋಕ್ತಿಯಾದೀತು. ನ್ಯಾಯಾಲಯವೂ ಸಂಘಟನೆಯೂ ತಮ್ಮ ತಮ್ಮ ಕೆಲಸವನ್ನು ಮಾಡಿದುವು. ಆದರೆ ಸರಕಾರದ ಶಬ್ದವು ಮರೆಮಾಡಿದ್ದ ಹಕ್ಕನ್ನು ಜನರ ಶಬ್ದವು ಲೋಕದ ಮುಂದಿಟ್ಟಿತೆಂಬುದು ನಿರ್ವಿವಾದ. ಆದುದರಿಂದ ಕಾನು, ಬೆಟ್ಟ, ಬೇಣ ಮೊದಲಾದ ಪದಗಳನ್ನು ಅವುಗಳ ಬಳಕೆಯ ನಿಯಮಗಳೊಡನೆ ಸೀಮೆಸೀಮೆಗಳಿಂದ ಸಂಗ್ರಹಿಸುವುದು ಭಾಷಾಭ್ಯಾಸಿಗಳ ಕರ್ತವ್ಯವಾಗಿದೆ. ‘ಕಾನು’ ಎಂಬುದಕ್ಕೆ ‘ಕಾಡು’ ಎಂದಷ್ಟೇ ಅರ್ಥಕೊಡುವ ನಿಘಂಟು, ತಿಳಿಯದೆಯೇ ವಿವಾದದ ಒಂದು ಪಕ್ಷವನ್ನು ವಹಿಸಿದಂತಾಗುವುದು.