ಮೇಣಿ ಹಿಡಿದ ಕೈಗೆ ಬಂದ ಯಂತ್ರ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ನೋಡುವುದು ಹಲ್ಲನ್ನು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದ ಮೇಲೆ ಸುಳಿ, ಗೊರಸು, ಹೆಗಲು, ನಡಿಗೆ ನೋಡುತ್ತಾನೆ. ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ, ಡಿಸೆಂಬರ್–ಜನವರಿಯ ಚಳಿಯಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಹಳ್ಳಿಕಾರ್ ಎತ್ತುಗಳ ಜೋಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಎತ್ತಿನ ತಾಯಿ ಯಾವುದು, ಯಾವ ಊರಿನ ತಳಿ ಎಂಬುದನ್ನು ಮಾರುವವನು ಬಾಯಿಪಾಠದಂತೆ ಹೇಳಬಲ್ಲ.

ಇದೇ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಗದ್ದಲವಿಲ್ಲದೆ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ಕೊಟ್ಟಿಗೆಯ ಪಕ್ಕ ನಿಂತ ಹಳೆಯ ಪವರ್ ಟಿಲ್ಲರನ್ನೋ, ಬಣ್ಣ ಹಾರಿದ ಸಣ್ಣ ಟ್ರ್ಯಾಕ್ಟರನ್ನೋ ಕೊಳ್ಳಲು ಬಂದವನು ಎಂಜಿನ್ ಚಾಲೂ ಮಾಡಿಸುತ್ತಾನೆ. ಹೊಗೆಯ ಬಣ್ಣ ನೋಡುತ್ತಾನೆ, ಸದ್ದಿಗೆ ಕಿವಿಗೊಡುತ್ತಾನೆ, ಮಣ್ಣು ಕತ್ತರಿಸುವ ಬ್ಲೇಡುಗಳು ಎಷ್ಟು ಸವೆದಿವೆ ಎಂದು ಬೆರಳಾಡಿಸುತ್ತಾನೆ. ಪರೀಕ್ಷೆ ಎತ್ತಿನದೇ ತರಹ. ಆದರೆ ಈ ಯಂತ್ರದ ತಳಿ ಯಾವುದು, ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. ಅದಕ್ಕೂ ಒಂದು ವಂಶಾವಳಿ ಇದೆ. ಅದನ್ನು ಉಳಿಸಿಕೊಂಡು ಬಂದಿರುವುದು ಹಳ್ಳಿಯ ರಿಪೇರಿ ಅಂಗಡಿ.

ಸ್ಟುಡಿಯೋದಿಂದ ಹೊಲಕ್ಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟ್ರ್ಯಾಕ್ಟರ್ ಎಂದರೆ ಆನೆಗಾತ್ರದ ಯಂತ್ರ. ನೂರಾರು ಎಕರೆ ಬಯಲಿದ್ದವನಿಗೆ ಮಾತ್ರ ಅದು ಸಲ್ಲುತ್ತಿತ್ತು. ಕೈತೋಟದಷ್ಟು ನೆಲ ಇದ್ದವನಿಗೂ ಒಂದು ಯಂತ್ರ ಬೇಕೆಂದು ಯೋಚಿಸಿದವರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬೆಂಜಮಿನ್ ಗ್ರೇವ್ಲಿ ಒಬ್ಬ. ಆತನ ಕಸುಬು ಫೋಟೋ ತೆಗೆಯುವುದು. ಮೋಟಾರ್ ಸೈಕಲ್ಲಿನ ಭಾಗಗಳನ್ನು ಬಳಸಿ, ಹಿಂದೆ ನಡೆದುಕೊಂಡು ಓಡಿಸುವ ಒಂದೇ ಚಕ್ರದ ನೇಗಿಲನ್ನು ಆತ ತಯಾರಿಸಿದ. ಅದಕ್ಕೆ 1916ರಲ್ಲಿ ಪೇಟೆಂಟ್ ದೊರೆಯಿತು.

ಅದೇ ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ತರುಣ ತನ್ನ ತಂದೆಯ ಹೊಲದಲ್ಲಿ ಬೇರೊಂದು ಪ್ರಯೋಗ ನಡೆಸಿದ್ದ. ನೇಗಿಲು ಮಣ್ಣನ್ನು ಸೀಳಿ ಮಗುಚುತ್ತದೆ. ಅದರ ಬದಲು ತಿರುಗುವ ಬ್ಲೇಡುಗಳಿಂದ ಮಣ್ಣನ್ನು ಕೊಚ್ಚಿ ಪುಡಿ ಮಾಡಿದರೆ ಹೇಗೆ ಎಂಬುದು 1912ರಲ್ಲಿ ಆತನಿಗೆ ಹೊಳೆದ ವಿಚಾರ. ಹತ್ತು ವರ್ಷಗಳ ನಂತರ, 1922ರಲ್ಲಿ, ಆತ ಕಂಪೆನಿಯನ್ನೇ ಕಟ್ಟಿದ. ಇಂದು ನಮ್ಮ ರೈತರ ಬಾಯಲ್ಲಿ ಸಲೀಸಾಗಿ ಬರುವ ‘ರೋಟವೇಟರ್’ ಎಂಬ ಮಾತು ಹೊವಾರ್ಡನ ಯಂತ್ರದ ಹೆಸರೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದಿನಿಂದ ಓದಿದರೂ ಅದು ಅದೇ ಹೆಸರಾಗಿಯೇ ಉಳಿಯುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಈ ಸಣ್ಣ ಯಂತ್ರದ ಸಂತತಿ ಎರಡು ದಾರಿ ಹಿಡಿಯಿತು. ಅಮೆರಿಕದಲ್ಲಿ ಪಟ್ಟಣದ ಹೊರವಲಯದ ಮನೆಗಳು ಬೆಳೆದಂತೆ ಹುಲ್ಲು ಕತ್ತರಿಸಲು, ಹಿಮ ತಳ್ಳಲು ಪುಟ್ಟ ಟ್ರ್ಯಾಕ್ಟರುಗಳು ಬಂದವು. ‘ಕಬ್ ಕೆಡೆಟ್’ 1961ರಲ್ಲಿ, ಜಾನ್ ಡಿಯರ್ ಕಂಪೆನಿಯ ‘110’ ಮಾದರಿ 1963ರಲ್ಲಿ ಮಾರುಕಟ್ಟೆಗೆ ಬಂದುವು. ‘ಗಾರ್ಡನ್ ಟ್ರ್ಯಾಕ್ಟರ್’ ಎಂಬ ಹೆಸರು ನಿಂತದ್ದು ಇವುಗಳಿಗೆ. ಜಪಾನಿನಲ್ಲಿ ಮಾತ್ರ ಯಂತ್ರ ಹೊಲದಲ್ಲೇ ಉಳಿಯಿತು. ಯುದ್ಧಾನಂತರದ ಭೂಸುಧಾರಣೆಯಿಂದ ಗೇಣಿದಾರರು ತುಂಡು ಭೂಮಿಯ ಒಡೆಯರಾಗಿದ್ದರು. ಅವರ ಗದ್ದೆಗೆ ದೊಡ್ಡ ಟ್ರ್ಯಾಕ್ಟರ್ ಇಳಿಸುವಂತಿರಲಿಲ್ಲ. ಎರಡು ಚಕ್ರ, ಒಂದು ಎಂಜಿನ್, ಹಿಂದೆ ಹಿಡಿಯಲು ಎರಡು ಹಿಡಿಕೆ ಇದ್ದ ಟಿಲ್ಲರ್ ಅಲ್ಲಿ 1950ರ ದಶಕದಲ್ಲಿ ಮನೆಮನೆಗೆ ಬಂತು.

ಜಪಾನಿನಿಂದ ಬೆಂಗಳೂರಿಗೆ

ನಮ್ಮ ಸೀಮೆಗೆ ಬಂದದ್ದು ಈ ಜಪಾನಿನ ಶಾಖೆ. ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಟಿಲ್ಲರ್ಸ್ ಕಂಪೆನಿ ಸ್ಥಾಪನೆಯಾಯಿತು. ‘ಶಕ್ತಿ’ ಎಂಬ ಹೆಸರಿನ ಅದರ ಟಿಲ್ಲರುಗಳು ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ನೆರೆಯ ಕೇರಳ ಸರ್ಕಾರ 1973ರಲ್ಲಿ ಕುಬೋಟ ಸಹಯೋಗದೊಂದಿಗೆ ‘ಕಾಮ್ಕೊ’ ಕಂಪೆನಿಯನ್ನು ಆರಂಭಿಸಿತು. ಆ ವೇಳೆಗೆ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಬರುವುದರಲ್ಲಿತ್ತು. ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವವನು ಹೊಲದೊಡೆಯನಾದ. ಅವನ ಹೊಲ ಮಾತ್ರ ಚಿಕ್ಕದು.

ಹೊಲ ಆಮೇಲೆ ಇನ್ನೂ ಚಿಕ್ಕದಾಗುತ್ತಲೇ ಹೋಯಿತು. 2015–16ರ ಕೃಷಿ ಗಣತಿಯ ಪ್ರಕಾರ ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ ಗಾತ್ರ 1.08 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡು ಎಕರೆ 27 ಗುಂಟೆ. ಇಷ್ಟು ನೆಲದವನಿಗೆ ಟಿಲ್ಲರ್ ಏಕೆ ಹಿಡಿಸಿತು ಎಂಬುದಕ್ಕೆ ಒಂದು ಸಣ್ಣ ಗಣಿತ ಸಾಕು. ಒಂದು ಗೇಣಿಗಿಂತ ತುಸು ಕಡಿಮೆ, ಅಂದರೆ 20 ಸೆಂಟಿಮೀಟರ್, ಅಗಲದ ಸಾಲು ಹೊಡೆಯುವ ನೇಗಿಲಿನ ಹಿಂದೆ ಒಂದು ಎಕರೆಯನ್ನು ಒಮ್ಮೆ ಉಳುವವನು ಸುಮಾರು 20 ಕಿ.ಮೀ. ನಡೆಯಬೇಕು. 60 ಸೆಂಟಿಮೀಟರ್ ಅಗಲದ ಟಿಲ್ಲರಿನ ಹಿಂದೆ ಆ ನಡಿಗೆ ಏಳು ಕಿಲೋಮೀಟರಿಗೆ ಇಳಿಯುತ್ತದೆ. ಮೇಣಿ ಹಿಡಿದ ಕೈಯೇ ಹಿಡಿಕೆ ಹಿಡಿಯಿತು, ಉಳುವವನು ಹಿಂದೆ ನಡೆಯುವುದು ತಪ್ಪಲಿಲ್ಲ. ಆದರೆ ದಾರಿ ಮೂರನೆಯ ಒಂದಕ್ಕೆ ಇಳಿಯಿತು.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳು ಇನ್ನೊಂದು ಕಾರಣ. 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಇಲ್ಲಿ ಚಪ್ಪರ ಹಾಕಿ ಬೆಳೆಯುತ್ತಾರೆ. ತಲೆಗೆ ತಾಗುವಷ್ಟು ಎತ್ತರದಲ್ಲಿ ತಂತಿ, ಬಳ್ಳಿ, ಗೊಂಚಲು. ದೊಡ್ಡ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತವನು ಅದರಡಿ ನುಸುಳುವಂತಿಲ್ಲ. ಚಪ್ಪರದ ಕೆಳಗೆ ಸಲ್ಲುವುದು ಎತ್ತು, ಇಲ್ಲವೇ ಎತ್ತಿನಷ್ಟೇ ಕುಳ್ಳಾದ ಯಂತ್ರ.

ರಿಪೇರಿಯ ವಿದ್ಯೆ

ಹೀಗೆ ಬಂದ ಯಂತ್ರ ಇಷ್ಟು ವರ್ಷ ಬಾಳಿದ್ದು ಹೇಗೆ? ಅದರ ರಚನೆಯೇ ಅದಕ್ಕೆ ಅನುಕೂಲವಾಗಿದೆ. ಹಳೆಯ ಟಿಲ್ಲರಿನಲ್ಲಿ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಅದರಿಂದ ಬೆಲ್ಟುಗಳ ಮೂಲಕ ಗೇರ್ ಪೆಟ್ಟಿಗೆಗೆ, ಅಲ್ಲಿಂದ ಚಕ್ರಕ್ಕೆ ಮತ್ತು ಬ್ಲೇಡುಗಳಿಗೆ ಶಕ್ತಿ. ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ. ಸಂಕೋಚನ ಬಿಡಿಸುವ ಸನ್ನೆಯನ್ನು ಎತ್ತಿ ಹಿಡಿದು, ಹ್ಯಾಂಡಲ್ ಹಾಕಿ ವೇಗವಾಗಿ ತಿರುಗಿಸಿ, ಸನ್ನೆ ಬಿಟ್ಟರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತ ಬಳಸಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮೊದಲು ಮುರಿಯುವುದು ಆ ಬೆರಳೇ.

ಹೊಗೆಯ ಬಣ್ಣ ಈ ವಿದ್ಯೆಯ ನಾಡಿ. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲದೆಂದೋ, ಹೊರೆ ಹೆಚ್ಚಾಯಿತೆಂದೋ ಅರ್ಥ. ಕೆಂಪು ಮಣ್ಣಿನ ಧೂಳಿನಲ್ಲಿ ದುಡಿಯುವ ಯಂತ್ರದ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದರ ಬಟ್ಟಲಿನ ಎಣ್ಣೆಯನ್ನು ಬದಲಿಸಿ ತೊಳೆದರೆ ಎಷ್ಟೋ ಸಲ ರೋಗವೇ ಹೋಗುತ್ತದೆ. ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಆಗ ಖರ್ಚು ಖಚಿತ. ಬಿಳಿ ಹೊಗೆ ನಿಲ್ಲದೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರಿದೆ. ಬಹುಕಾಲ ನಿಂತ ಎಂಜಿನ್ ಚಾಲೂ ಆಗದಿದ್ದರೆ ಅನುಭವಿ ಫಿಟ್ಟರ್ ಅದನ್ನು ಬಿಚ್ಚಲು ಹೊರಡುವುದಿಲ್ಲ. ಮೊದಲು ಡೀಸೆಲ್ ಕೊಳವೆಯ ತಿರುಪು ಸಡಿಲಿಸಿ, ಒಳಗೆ ಸೇರಿದ ಗಾಳಿಯನ್ನು ಗುಳ್ಳೆ ನಿಲ್ಲುವವರೆಗೆ ಹೊರಬಿಡುತ್ತಾನೆ. ಆಮೇಲೆ ನಾಜಲ್ ಪರೀಕ್ಷೆ. ಡೀಸೆಲ್ ಮಂಜಿನಂತೆ ಚಿಮ್ಮಬೇಕು. ಹನಿಹನಿಯಾಗಿ ತೊಟ್ಟಿಕ್ಕಿದರೆ ನಾಜಲ್ ಕೆಟ್ಟಿದೆ.

ಓಡಿಸುವುದಕ್ಕೂ ಒಂದು ಗುಟ್ಟಿದೆ. ಟಿಲ್ಲರಿಗೆ ಸ್ಟೀರಿಂಗ್ ಇಲ್ಲ. ಎಡಕ್ಕೆ ತಿರುಗಬೇಕಾದರೆ ಎಡ ಹಿಡಿಕೆಯ ಕ್ಲಚ್ ಒತ್ತಬೇಕು. ಎಡ ಚಕ್ರಕ್ಕೆ ಶಕ್ತಿ ನಿಂತು ಯಂತ್ರ ಎಡಕ್ಕೆ ಹೊರಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಶಕ್ತಿಯಿಂದ ಬಿಡಿಸಿಕೊಂಡ ಚಕ್ರವೇ ವೇಗವಾಗಿ ಉರುಳುವುದರಿಂದ ಎಡ ಕ್ಲಚ್ ಒತ್ತಿದರೆ ಯಂತ್ರ ಬಲಕ್ಕೆ ನುಗ್ಗುತ್ತದೆ. ಹಳೆಯ ಟಿಲ್ಲರ್ ಕೈ ಬದಲಿಸುವಾಗ ಈ ಮಾತನ್ನೂ ಜೊತೆಗೆ ದಾಟಿಸದಿದ್ದರೆ ಹೊಸಬನ ಪ್ರಾಣಕ್ಕೇ ಸಂಚಕಾರ.

ಬಣ್ಣವೋ, ಬದುಕೋ

ಅಮೆರಿಕ, ಬ್ರಿಟನ್‌ಗಳಲ್ಲಿ ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳನ್ನು ಹುಡುಕಿ, ತುಕ್ಕು ಕೆರೆದು, ಕಾರ್ಖಾನೆಯಿಂದ ಬಂದ ದಿನ ಇದ್ದ ಬಣ್ಣವನ್ನೇ ಬಳಿದು ಪ್ರದರ್ಶನಕ್ಕಿಡುವ ಹವ್ಯಾಸಿಗಳು ಸಾಕಷ್ಟಿದ್ದಾರೆ. ಒಂದು ಬೋಲ್ಟು ಮೂಲದ್ದಲ್ಲ ಎಂದರೆ ಅವರಿಗೆ ನಿದ್ದೆ ಬಾರದು. ಈ ಹುಚ್ಚಿನಿಂದ ಒಂದು ಉಪಕಾರವೂ ಆಗಿದೆ. ಹಳೆಯ ಕೈಪಿಡಿಗಳು ಮತ್ತೆ ಅಚ್ಚಾಗಿವೆ, ನಿಂತುಹೋದ ಬಿಡಿಭಾಗಗಳನ್ನು ಮತ್ತೆ ತಯಾರಿಸುವವರು ಹುಟ್ಟಿಕೊಂಡಿದ್ದಾರೆ.

ನಮ್ಮಲ್ಲಿ ಹಳೆಯ ಯಂತ್ರವನ್ನು ಸರಿಪಡಿಸುವುದು ನಾಳೆ ಬೆಳಿಗ್ಗೆ ಉಳುವುದಕ್ಕೆ. ಮೂಲ ಎಂಜಿನ್ ಹೋದರೆ ಸಿಕ್ಕಿದ ಬೇರೆ ಎಂಜಿನ್ ಕೂರಿಸುತ್ತಾರೆ. ಗೇರ್ ಪೆಟ್ಟಿಗೆ ಸತ್ತರೆ ಎಂಜಿನ್ನನ್ನು ಮಾತ್ರ ಇಳಿಸಿ ಬಾವಿಯ ಪಂಪಿಗೆ ಕಟ್ಟುತ್ತಾರೆ. ಸಿಗದ ಪೊದೆ, ಪಿನ್ನುಗಳನ್ನು ಲೇತ್ ಯಂತ್ರದಲ್ಲಿ ಕಡೆಸಿಕೊಳ್ಳುತ್ತಾರೆ. ಉಳಿದದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ, ಗುಜರಿ ಅಂಗಡಿಗಳು. ಪರದೇಶದ ಹವ್ಯಾಸಿಯ ಕಣ್ಣಿಗೆ ಇದು ಕೆಡಿಸುವ ಕೆಲಸ. ಆದರೆ ಎರಡೂವರೆ ಎಕರೆಯ ರೈತ ಹೊಸ ಸಾಲ ಮಾಡದೆ ಇನ್ನೊಂದು ಮಳೆಗಾಲ ದಾಟಿದ್ದು ಈ ಕೆಲಸದಿಂದಲೇ.

ಈ ದಾರಿಗೂ ಒಂದು ಕೊನೆ ಇದೆ ಎಂಬುದನ್ನು ಎಚ್‌ಎಂಟಿಯ ಕಥೆ ತೋರಿಸುತ್ತದೆ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಈ ಸರ್ಕಾರಿ ಕಂಪೆನಿ, ಅಂದಿನ ಚೆಕೊಸ್ಲೊವಾಕಿಯದ ‘ಝೀಟರ್’ ತಂತ್ರಜ್ಞಾನ ಪಡೆದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಸಲು ತೊಡಗಿತು. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಮಾಡಿದವರು ಹೋದರು, ಟ್ರ್ಯಾಕ್ಟರುಗಳು ಉಳಿದವು. ಕಾನೂನೇನೂ ಅಡ್ಡ ಬರುವುದಿಲ್ಲ: ಟ್ರ್ಯಾಕ್ಟರಿನ ಮೊದಲ ನೋಂದಣಿ 15 ವರ್ಷಕ್ಕೆ, ಆನಂತರ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆದರೆ ಕಾಗದ ನವೀಕರಿಸಿದಷ್ಟು ಸುಲಭವಾಗಿ ಗೇರ್ ಸಿಗುವುದಿಲ್ಲ. ಹಾಗಾಗಿ ಒಂದನ್ನು ಉಳಿಸಲು ಇನ್ನೊಂದನ್ನು ಬಿಚ್ಚಬೇಕು. ಹೀಗೆ ಬಿಚ್ಚುತ್ತ ಹೋದರೆ ಕೊನೆಗೆ ಎಷ್ಟು ಉಳಿದಾವು?

ಬಿಡಿಭಾಗಕ್ಕಿಂತ ಮೊದಲು ಮುಗಿದುಹೋಗಬಹುದಾದದ್ದು ಬಲ್ಲವರ ತಿಳಿವಳಿಕೆ. ಯಾವ ಮಾದರಿಗೆ ಯಾವ ಬೇರಿಂಗ್ ಒಗ್ಗುತ್ತದೆ, ಯಾವ ಸೀಲ್ ಬದಲಿಗೆ ಯಾವುದನ್ನು ಹಾಕಿದರೆ ಕೆಸರುಗದ್ದೆಯ ನೀರು ಗೇರ್ ಪೆಟ್ಟಿಗೆಗೆ ನುಗ್ಗುವುದಿಲ್ಲ ಎಂಬುದು ಫಿಟ್ಟರುಗಳ ನೆನಪಿನಲ್ಲಿದೆ, ಗ್ಯಾರೇಜಿನ ಗೋಡೆಯ ಮೇಲಿನ ಸೀಮೆಸುಣ್ಣದ ಬರಹದಲ್ಲಿದೆ. ಹಳೆಯ ಕಾರುಗಳನ್ನು ನೋಡಲು ಜನ ಧರ್ಮಸ್ಥಳದ ಸಂಗ್ರಹಾಲಯಕ್ಕೆ ಹೋಗುತ್ತಾರೆ. ಆದರೆ ಎರಡೆಕರೆಯವನ ಬೆನ್ನಿನ ಭಾರ ಇಳಿಸಿದ ಟಿಲ್ಲರ್ ಕೆಟ್ಟ ಮರುದಿನ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಎಂಜಿನ್ ಮೇಲಿನ ತಗಡಿನ ಫಲಕ, ಕೊಳ್ಳುವಾಗ ಕೊಟ್ಟ ಕೈಪಿಡಿ, ಮೊದಲ ಒಡೆಯನ ರಸೀದಿ ಇವೂ ಅದರ ಜೊತೆಗೇ ಹೋಗುತ್ತವೆ.

ಮಾಡಬೇಕಾದ್ದು ದೊಡ್ಡದೇನಲ್ಲ. ಹಳೆಯ ಯಂತ್ರ ಇಟ್ಟುಕೊಂಡವರು ಕೈಪಿಡಿಯನ್ನು ಕಾಪಾಡಿದರೆ, ಬದಲಿಸಿದ ಭಾಗದ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಫಿಟ್ಟರಿಗೆ ಅರ್ಧ ದಾರಿ ಕ್ರಮಿಸಿದಂತೆ. ಕೃಷಿ ವಿಶ್ವವಿದ್ಯಾಲಯ, ಐಟಿಐಗಳ ಹುಡುಗರು ಊರೂರಿನ ಫಿಟ್ಟರುಗಳ ಬಳಿ ಕೂತು ಅವರು ಬಲ್ಲದ್ದನ್ನು ದಾಖಲಿಸಬಹುದು. ಘಾಟಿಯ ಜಾತ್ರೆಯಲ್ಲಿ ಎತ್ತುಗಳ ಸಾಲಿನ ಪಕ್ಕ ನಾಲ್ಕಾರು ಹಳೆಯ ಟಿಲ್ಲರುಗಳನ್ನೂ ನಿಲ್ಲಿಸಿ, ಚೆನ್ನಾಗಿ ಇಟ್ಟುಕೊಂಡವನಿಗೆ ಒಂದು ಬಹುಮಾನ ಕೊಟ್ಟರೂ ಸಾಕು. ಆಗ ಬಾಯಿಗೂಡಿದ ಎತ್ತಿನ ಕಥೆ ಕೇಳಿದ ಹಾಗೆಯೇ, ಈ ಯಂತ್ರ ಯಾರ ಮನೆಯಿಂದ ಬಂತು, ಯಾರ ಕೈಯಲ್ಲಿ ಉಳಿಯಿತು ಎಂದು ಕೇಳುವವರೂ ಒಬ್ಬಿಬ್ಬರು ಸಿಕ್ಕಾರು.