ಗಗನದಲ್ಲಿ ಅಂತರ ರಕ್ಷಣೆ: ಬೆಂಗಳೂರಿನ ಎರಡು ಪ್ರಸಂಗಗಳು

ಹಾರುವ ವಿಮಾನಗಳು ಪರಸ್ಪರ ಡಿಕ್ಕಿ ಹೊಡೆಯದಂತೆ ತಡೆಯುವ ವ್ಯವಸ್ಥೆಯ ಚರಿತ್ರೆಯನ್ನು ಯಂತ್ರಗಳ ಪ್ರಗತಿಯ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಬೆಂಗಳೂರಿನ ಆಕಾಶದಲ್ಲಿ ಘಟಿಸಿದ ಎರಡು ಪ್ರಸಂಗಗಳನ್ನು ಪರಿಶೀಲಿಸಿದರೆ ಈ ಭಾವನೆ ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಮೊದಮೊದಲು ಚಾಲಕನ ಕಣ್ಣೇ ರಕ್ಷಣೆಯಾಗಿದ್ದಿತು. ವೇಗ ಹೆಚ್ಚಿದಂತೆ ಕಣ್ಣು ಸಾಲದಾಯಿತು. ರೇಡಿಯೋ ಮತ್ತು ರಾಡಾರುಗಳ ನೆರವಿನಿಂದ ನೆಲದ ಮೇಲಿನ ನಿಯಂತ್ರಕನು ಪ್ರತಿಯೊಂದು ವಿಮಾನಕ್ಕೂ ಎತ್ತರವನ್ನು ಗೊತ್ತುಮಾಡತೊಡಗಿದನು. ಈ ಪದ್ಧತಿಯ ಕೊರತೆಯನ್ನು ನಮ್ಮ ದೇಶದಲ್ಲಿ ಬಯಲುಮಾಡಿದುದು 1996ರ ನವೆಂಬರ್ 12ರ ಚರ್ಖಿ ದಾದ್ರಿಯ ದುರಂತ. ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿದು ಬರುತ್ತಿದ್ದ ಕಜಕ್ ವಿಮಾನಕ್ಕೆ 15,000 ಅಡಿ ವಿಧಿಸಲ್ಪಟ್ಟಿದ್ದಿತು. ಎರಡನೆಯದು ಮಿತಿಯನ್ನು ಮೀರಿ ಕೆಳಗಿಳಿಯಿತು. ನಿಯಂತ್ರಕನ ರಾಡಾರು ಎತ್ತರವನ್ನು ತೋರಿಸುತ್ತಿರಲಿಲ್ಲ. ಹೋಗುವ ಬರುವ ವಿಮಾನಗಳಿಗೆ ಇದ್ದುದು ಒಂದೇ ಹಾದಿ. 349 ಮಂದಿ ಮಡಿದರು. ತರುವಾಯ ಭಾರತವು ವಿಮಾನಗಳಲ್ಲಿ ಡಿಕ್ಕಿ ನಿವಾರಕ ಯಂತ್ರವನ್ನು ಕಡ್ಡಾಯಗೊಳಿಸಿತು. ಅದು ಸಮೀಪದ ವಿಮಾನಕ್ಕೆ ರೇಡಿಯೋ ಸಂಕೇತ ಕಳುಹಿ, ಬಂದ ಉತ್ತರದಿಂದ ಅಂತರವನ್ನು ಗಣಿಸಿ, ಒಂದಕ್ಕೆ ಏರೆಂದೂ ಇನ್ನೊಂದಕ್ಕೆ ಇಳಿಯೆಂದೂ ಸೂಚಿಸುತ್ತದೆ.

ಈ ಯಂತ್ರದ ಉಪಕಾರವು 2018ರ ಜುಲೈ 10ರಂದು ಸ್ಪಷ್ಟವಾಯಿತು. ಕೊಯಮತ್ತೂರಿನಿಂದ ಹೈದರಾಬಾದಿಗೂ ಬೆಂಗಳೂರಿನಿಂದ ಕೊಚ್ಚಿಗೂ ಸಾಗುತ್ತಿದ್ದ ಎರಡು ಇಂಡಿಗೋ ವಿಮಾನಗಳ ನಡುವೆ ಎತ್ತರದ ಅಂತರ ಸುಮಾರು 200 ಅಡಿಗೆ ಇಳಿದಿದ್ದಿತು. ಯಂತ್ರಗಳು ಎಚ್ಚರಿಸಿದವು, ಚಾಲಕರು ಪಾಲಿಸಿದರು, ವಿಪತ್ತು ತಪ್ಪಿತು.

ಎರಡನೆಯ ಪ್ರಸಂಗ ಇದಕ್ಕಿಂತ ಭಿನ್ನವಾದುದು. 2019ರಲ್ಲಿ ಕೆಂಪೇಗೌಡ ನಿಲ್ದಾಣಕ್ಕೆ ಎರಡನೆಯ ಸಮಾನಾಂತರ ಓಡುದಾರಿ ದೊರೆತಿದ್ದಿತು. 2022ರ ಜನವರಿಯ ಒಂದು ಬೆಳಗ್ಗೆ ದಕ್ಷಿಣದ ಓಡುದಾರಿಯನ್ನು ಮುಚ್ಚಿ ಉತ್ತರದ್ದೊಂದನ್ನೇ ಬಳಸಬೇಕೆಂದು ಪಾಳಿಯ ಮುಖ್ಯಸ್ಥರು ನಿಶ್ಚಯಿಸಿದರು. ದಕ್ಷಿಣದ ನಿಯಂತ್ರಕರಿಗೆ ಆ ಮಾತು ಮುಟ್ಟಲಿಲ್ಲ. ಪರಿಣಾಮವಾಗಿ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ಇಂಡಿಗೋ ವಿಮಾನಗಳು ಬೇರೆ ಬೇರೆ ಓಡುದಾರಿಗಳಿಂದ ಹೆಚ್ಚುಕಡಿಮೆ ಏಕಕಾಲದಲ್ಲಿ ಒಂದೇ ದಿಕ್ಕಿಗೆ ಮೇಲೆದ್ದು ಪರಸ್ಪರ ಸಮೀಪಿಸಿದವು. ರಾಡಾರಿನ ಮುಂದಿದ್ದ ನಿಯಂತ್ರಕರು ಅವುಗಳನ್ನು ಭಿನ್ನ ದಿಕ್ಕುಗಳಿಗೆ ತಿರುಗಿಸಿ ಕಾಪಾಡಿದರು. ನೆಲದಿಂದ ಸುಮಾರು 1,000 ಅಡಿಯವರೆಗೆ ನಿವಾರಕ ಯಂತ್ರವು ಏರಿಳಿತದ ಆಜ್ಞೆಯನ್ನು ನೀಡುವುದಿಲ್ಲ. ನೀಡಿದಲ್ಲಿ ನೆಲಕ್ಕೇ ಅಪ್ಪಳಿಸುವ ಭಯವುಂಟು. ಆದುದರಿಂದ ನಿಲ್ದಾಣದ ಬಳಿಯ ಈ ಕೆಳ ಆಕಾಶದಲ್ಲಿ ಮನುಷ್ಯರ ಪರಸ್ಪರ ತಿಳಿವಳಿಕೆಯೇ ಮುಖ್ಯ ರಕ್ಷೆ.

ಪ್ರಸಂಗವು ಯಾವ ದಿನಚರಿ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲವೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದುದು ಇದನ್ನೇ. ಚರ್ಖಿ ದಾದ್ರಿ ನಮಗೆ ಪಾಠವಾದುದು 349 ಜೀವಗಳ ಬೆಲೆಯಿಂದ. ಬೆಲೆ ತೆರದೆ ಪಾಠ ದೊರೆಯುವುದು, ತಪ್ಪಿಹೋದ ವಿಪತ್ತನ್ನೂ ನಡೆದ ವಿಪತ್ತಿನಷ್ಟೇ ನಿಷ್ಠೆಯಿಂದ ಬರೆದಿಟ್ಟಾಗ ಮಾತ್ರ.